ಮೂಕ ಪೇಟಿಗೆ ದನಿ

ರಬಕವಿ
೧೨ ಜೂನ್ ೨೦೦೪

ವಿಠೋಬಾ,

ನನಗೆ ಬರೆಯುವ ಕೆಲಸ ಹಚ್ಚಬೇಡ ಎಂದು ನಾಲ್ಕು ಸಲ ಹೇಳಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಮೊದಲು ಕೈಮಗ್ಗ, ಆಮೇಲೆ ಮೂವತ್ತನಾಲ್ಕು ವರ್ಷ ಪವರ್‌ಲೂಮು ನಡೆಸಿದ ಕೈ ಇದು. ಪೆನ್ನು ಹಿಡಿದರೆ ಬೆರಳು ಸೆಟೆದು ನಿಲ್ಲುತ್ತವೆ. ನೀನು ಮಾತ್ರ 'ಬರದ ಕಳಸ್ರಿ ಕಾಕಾ, ಮೇಜಿನ ಮುಂದ ಹಚ್ಚಿಕೊಂಡು ಕೆಲಸ ಮಾಡ್ತೀನಿ' ಎಂದು ಹಟ ಹಿಡಿದಿದ್ದೀ. ಹೋಗಲಿ, ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಾತು ಬರೀ ಗುಣುಗುಣು. ಈಗಿನವರು ಯಾರೂ ಬಾಯಿ ತೆರೆದು ಮಾತಾಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ತಪ್ಪು ಹುಡುಕಬೇಡ.

ನೀನು ಮಾಡಿದ ದನಿಯ ಬೋರ್ಡು ಮಿರಜ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ನೀನು ಯುಗಾದಿಗೆ ತಂದಿಟ್ಟ ಆ ಮೂಕ ಪೇಟಿ ಇದೆಯಲ್ಲ, ಕರಿ ಬಿಳಿ ಮನೆಗಳಷ್ಟೇ ಇದ್ದು ತನ್ನದೆಂದು ಒಂದು ಸಪ್ಪಳವೂ ಇಲ್ಲದ್ದು, ಅದರ ಹಿಂದಿನ ಗೂಡಿನಲ್ಲಿ ಟಿ.ವಿ. ರಿಪೇರಿಯ ದುಂಡೇಶ ಬೋರ್ಡನ್ನು ಕೂಡಿಸಿಕೊಟ್ಟ. ಮನೆ ಒತ್ತಿದರೆ ಖರೆ ಹಾರ್ಮೋನಿಯಂ ಪೇಟಿಯ ಹಾಗೆ ನುಡಿಯಿತು. ಗಾಳಿ ಹಾಕುವುದು ಬೇಡ, ಭಾತಿಯ ತಿದಿ ಬೇಡ, ಇಲಿ ಕಡಿಯುವ ಚರ್ಮ ಬೇಡ. ಅಷ್ಟರ ಮಟ್ಟಿಗೆ ನೀನು ಶಾಣ್ಯಾ. ಆದರೆ ಸೋಮವಾರದ ಭಜನೆಯಲ್ಲಿ ಕೂತು ಬಾರಿಸಿದರೆ ಪೇಟಿಗೆ ಯಾರೋ ಕಂಬಳಿ ಹೊದಿಸಿದ ಹಾಗೆ ಕೇಳಿಸಿತು. ದನಿ ಇದೆ, ದನಿಗೆ ಅಂಚು ಇಲ್ಲ.

ನಿನ್ನಪ್ಪ ರಾಚಪ್ಪನ ಪೇಟಿ ಹಾಗಿರಲಿಲ್ಲ. ಅವನು ಮೇಲಿನ ಸುರ ಒತ್ತಿದರೆ ಹೊಸ ಅರಿವೆಯನ್ನು ನಡುವೆ ಸೀಳಿದ ಹಾಗೆ ಬರುತ್ತಿತ್ತು. ಹಿಂದೆ ಕೂತ ತಾಳದವನೂ ನೆಟ್ಟಗಾಗುತ್ತಿದ್ದ. ಆ ಪೇಟಿಯನ್ನು ಕಳೆದವನು ನಾನು. ನಿನ್ನಪ್ಪ ತೀರಿದ ವರ್ಷ ಮುಧೋಳಕ್ಕೆ ಬಂದ ನಾಟಕದವರು ಕೇಳಿದರು, ಒಂದು ತಿಂಗಳ ಮಟ್ಟಿಗೆ ಎಂದು ಎತ್ತಿಕೊಟ್ಟೆ. ಕಂಪನಿ ಮುರಿಯಿತು, ಪೇಟಿ ಹೋಯಿತು. ನಿಮ್ಮವ್ವ ಅನ್ನವ್ವ ಅಂದಿನಿಂದ ನನ್ನ ಮನೆಯ ನೀರು ಮುಟ್ಟಿಲ್ಲ. ಅದು ನಿನಗೂ ಗೊತ್ತು. ಆದ್ದರಿಂದ ಈ ದನಿ ಸರಿ ಬರುವವರೆಗೆ ನಾನು ಹೂಂ ಅನ್ನುವುದಿಲ್ಲ. ಇನ್ನೊಂದು ಸಲ ಮಾಡು.

ಪ್ರಭುಲಿಂಗ


ಮಿರಜ
೨೧ ಜೂನ್ ೨೦೦೪

ಪ್ರಭು ಕಾಕಾ ಅವರಿಗೆ ಮಿರಜದಿಂದ ವಿಠೋಬಾನ ಶರಣು.

ನಿಮ್ಮ ಪತ್ರ ಮೇಜಿನ ಮುಂದೆ ಅಂಟಿಸಿದ್ದೇನೆ. 'ಅಂಚು ಇಲ್ಲ' ಎಂದು ಬರೆದಿದ್ದೀರಲ್ಲ, ನನಗೂ ಅದೇ ಅನಿಸಿತ್ತು. ಆದರೆ ಹೇಳಲು ಮಾತು ಸಿಕ್ಕಿರಲಿಲ್ಲ.

ಇಲ್ಲಿಯ ಒಂದು ಹಳೆಯ ಪೇಟಿಯ ಸುರಗಳನ್ನು ಒಂದೊಂದಾಗಿ ಹಿಡಿದು ಕಂಪ್ಯೂಟರಿಗೆ ತುಂಬಿದ್ದೇನೆ. ಆ ದನಿ ಬೋರ್ಡಿನ ಚಿಪ್‌ನಲ್ಲಿ ಕೂರುತ್ತದೆ. ಕೂರುವ ಮೊದಲು ಅದನ್ನು ಫಿಲ್ಟರ್‌ನಲ್ಲಿ ಹಾಯಿಸುತ್ತೇನೆ. ಫಿಲ್ಟರ್ ಅಂದರೆ ದನಿಯ ಜರಡಿ. ಯಾವ ಕಣ ಎಷ್ಟು ಬೀಳಬೇಕು ಎಂದು ಅಲ್ಲಿ ತಿದ್ದಬಹುದು. ಇನ್ನು ಅಪ್ಪನ ಪೇಟಿಯ ಕಡೆಗೆ ತಿದ್ದುತ್ತಾ ಹೋಗುತ್ತೇನೆ. ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಆ ದನಿ ನನ್ನ ತಲೆಯಲ್ಲಿ ಇನ್ನೂ ಹಾಗೆಯೇ ಇದೆ. ಆದರೂ ಒಬ್ಬನ ನೆನಪು ಸಾಲದು, ಅದಕ್ಕೇ ನಿಮಗೆ ತೊಂದರೆ ಕೊಡುತ್ತಿದ್ದೇನೆ.

ಒಂದು ಮಾತು. ಪರೀಕ್ಷೆಗೆ ಕಳಿಸುವ ಚಿಪ್‌ನ ನಡುವೆ ಸಣ್ಣ ಗಾಜಿನ ಕಿಂಡಿ ಇರುತ್ತದೆ. ಅದಕ್ಕೆ ಒಂದು ಬಗೆಯ ದೀಪ ಹಿಡಿದರೆ ಬರೆದದ್ದು ಅಳಿಸಿಹೋಗುತ್ತದೆ, ಮತ್ತೆ ಬರೆಯಬಹುದು. ಕಿಂಡಿಯ ಮೇಲಿನ ಚೀಟಿ ಕೀಳಬೇಡಿ, ಬಹಳ ದಿನ ಬಿಸಿಲಿಗಿಟ್ಟರೂ ಅಳಿಸುತ್ತದೆ. ಆದರೆ ಮಾರುವ ನಲವತ್ತು ಬೋರ್ಡಿಗೆ ಹಾಕುವ ಚಿಪ್‌ಗೆ ಕಿಂಡಿ ಇಲ್ಲ. ಅದು ಅಗ್ಗದ್ದು. ಒಂದು ಸಲ ಬರೆದರೆ ಮುಗಿಯಿತು, ಬ್ರಹ್ಮನಿಂದಲೂ ತಿದ್ದಲು ಆಗದು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ನಲವತ್ತು ಭಜನಾ ಮಂಡಳಿಗಳು ಇಂಥದೇ ಮೂಕ ಪೇಟಿ ಕೊಂಡು ಬೋರ್ಡು ಹಾಕಿಸಲು ಮಾತು ಕೊಟ್ಟಿವೆ. ಈ ಸಲ ಅಧಿಕ ಮಾಸ ಬಂದದ್ದರಿಂದ ನಿಜ ಶ್ರಾವಣಕ್ಕೆ ಇನ್ನೂ ಹೊತ್ತಿದೆ. ನೀವು ಸರಿ ಅನ್ನುವವರೆಗೆ ಒಂದು ಚಿಪ್ಪೂ ಬರೆಯುವುದಿಲ್ಲ.

ಮನೆಯಲ್ಲಿ ಪೂರ್ಣಿಮಾ 'ಮೊದಲಿಂದೇ ಛಲೋ ಐತಿ, ಅದನ್ನ ಹಾಕ್ರಿ' ಅನ್ನುತ್ತಾಳೆ. ಒಕ್ಕಲುತನದ ಮನೆಯಿಂದ ಬಂದವಳು, ಅಪ್ಪನ ಪೇಟಿ ಕೇಳಿದವಳಲ್ಲ. ಅವಳಿಗೇನು ಗೊತ್ತು?

ಪೇಟಿ ತಿದ್ದುವ ಅಂಗಡಿಯ ಕೆಲಸ ಹೀಗೇ ನಡೆದಿದೆ. ಎರಡನೇ ಚಿಪ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಮೊದಲಿನದನ್ನು ಅವನ ಕೈಯಲ್ಲೇ ತಿರುಗಿ ಕಳಿಸಿರಿ.

ನಿಮ್ಮ ವಿಠೋಬಾ


ರಬಕವಿ
೮ ಜುಲೈ ೨೦೦೪

ವಿಠೋಬಾ,

ಚೀಟಿ ಕೀಳಬೇಡ ಎಂದು ಬರೆದಿದ್ದೀ. ನಿನ್ನ ಪತ್ರ ಓದುವ ಮೊದಲೇ ಕಿತ್ತಿದ್ದೆ. ಒಳಗೆ ಏನಿದೆ ನೋಡಬಾರದೇ? ಒಂದು ಉಗುರಿನಷ್ಟು ಬೆಳ್ಳಗಿನ ಹೊಳಪು, ಮತ್ತೇನಿಲ್ಲ. ನಿನ್ನ ಕಾಕು ಶೇವಂತಿ ತನ್ನ ಹಣೆಯ ದೊಡ್ಡ ಟಿಕಳಿ ತೆಗೆದು ಅದರ ಮೇಲೆ ಒತ್ತಿ 'ಈಗ ಮುತ್ತೈದಿ ಆತ ನೋಡ್ರಿ ನಿಮ್ಮ ಪೇಟಿ' ಎಂದು ನಕ್ಕಳು. ಏನೂ ಅಳಿಸಿಲ್ಲ.

ಈ ಸಲದ್ದು ಮೊದಲಿನದಕ್ಕಿಂತ ಮೇಲು. ಕಂಬಳಿ ತೆಗೆದು ತೆಳ್ಳನೆಯ ಅರಿವೆ ಹೊದಿಸಿದಂತಿದೆ. ಅರಿವೆಯೂ ಬೇಡ ನನಗೆ. ಕೆಳಗಿನ ಖರ್ಜದ ಸುರ ಸರಿಯಾಗಿದೆ, ಅದನ್ನು ಮುಟ್ಟಬೇಡ. ಮೇಲಿನವು ಇನ್ನೂ ಹೆದರಿಕೊಂಡು ಬರುತ್ತಿವೆ. ಎರಡು ಮಗ್ಗದ ಬಸಗೊಂಡಪ್ಪನನ್ನು ಕರೆದು ಕೇಳಿಸಿದೆ. ಅವನೂ ನಿನ್ನಪ್ಪನ ಸರೀಕ. 'ರಾಚ್ಯಾನ ಪೇಟಿಗೆ ಹಲ್ಲ ಇದ್ದೂ. ಇದು ಬೊಚ್ಚುಬಾಯಿ' ಎಂದ. ಅವನಿಗೇ ಹಲ್ಲಿಲ್ಲ, ಆದರೆ ಮಾತು ಖರೆ.

ಜರಡಿಯ ತೂತು ದೊಡ್ಡದು ಮಾಡು. ಅಂಜಬೇಡ.

ಪ್ರಭುಲಿಂಗ


ಮಿರಜ
೨ ಆಗಸ್ಟ್ ೨೦೦೪

ಪ್ರಭು ಕಾಕಾ ಅವರಿಗೆ ಶರಣು.

ಮೂರನೇ ಚಿಪ್ ಕಳಿಸುತ್ತಿದ್ದೇನೆ. ಮೇಲಿನ ದನಿಯನ್ನು ಮೂರು ಪಟ್ಟು ಏರಿಸಿದ್ದೇನೆ. ಕಂಪ್ಯೂಟರಿನಲ್ಲಿ ಮೂಡುವ ದನಿಯ ಗೆರೆ ನೋಡಿದರೆ ಇಷ್ಟು ಏರಿಸಬಾರದು ಅನಿಸುತ್ತದೆ. ಆದರೆ ಪೇಟಿ ಕೇಳುವುದು ಕಣ್ಣಿನಿಂದ ಅಲ್ಲ ಎಂದು ಗೆರೆ ನೋಡುವುದನ್ನೇ ಬಿಟ್ಟೆ.

ನಿನ್ನೆ ಮಧ್ಯಾಹ್ನ ಬೋರ್ಡು ಕೂಡಿಸಿ ಕಣ್ಣು ಮುಚ್ಚಿ ಒಂದೊಂದೇ ಮನೆ ಒತ್ತಿದೆ. ಕಾಕಾ, ಅದು ಬಂತು. ನಾನು ಜಗಲಿಯ ಮೇಲೆ ಮಲಗಿದ್ದಾಗ ಒಳಗಿನಿಂದ ಬರುತ್ತಿದ್ದ ದನಿ ಅದೇ. ಅಪ್ಪ ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳುತ್ತಿದ್ದದ್ದು ನೆನಪಾಯಿತು. ನಾನು ಅಳುವುದನ್ನು ನೋಡಬಾರದೆಂದು ಇರಬೇಕು, ಪೂರ್ಣಿಮಾ ಕೂಸನ್ನು ಎತ್ತಿಕೊಂಡು ನೆರೆಮನೆಗೆ ಹೋದಳು. ನಾನು ಮುಗಿಸುವವರೆಗೂ ತಿರುಗಿ ಬರಲಿಲ್ಲ. ಅಷ್ಟು ಸೂಕ್ಷ್ಮ ಅವಳು.

ಇನ್ನು ನಿಮ್ಮ ಮಾತೇ ಕೊನೆಯ ಮಾತು. ಬೇಗ ಬರೆಯಿರಿ.

ವಿಠೋಬಾ


ರಬಕವಿ
೧೦ ಆಗಸ್ಟ್ ೨೦೦೪

ವಿಠೋಬಾ,

ಇದೇ.

ನಿನ್ನೆ ಸೋಮವಾರ ಮಠದಲ್ಲಿ ಬಾರಿಸಿದೆ. ಮೊದಲ ಸಾಲು ಎತ್ತಿದ ಕೂಡಲೇ ಬಸಗೊಂಡಪ್ಪ ತಾಳ ಕೆಳಗಿಟ್ಟು 'ರಾಚ್ಯಾ ಬಂದ್ನಲ್ಲೋ' ಎಂದ. ಬನಹಟ್ಟಿಯ ನಾಲ್ವರು ಬಂದಿದ್ದರು, ಎಲ್ಲರೂ ಮಗ್ಗದವರು. ಒಬ್ಬರೂ ಎದ್ದು ಹೋಗಲಿಲ್ಲ. ಇಪ್ಪತ್ತಾರು ವರ್ಷದ ಮೇಲೆ ನನ್ನ ಎದೆಯ ಮೇಲಿನ ಕಲ್ಲು ಒಂದು ಬೆರಳಷ್ಟು ಸರಿಯಿತು. ಬರೆಯಬೇಕೆಂದು ಬರೆದೆ, ಇನ್ನೊಂದು ಸಲ ಇದನ್ನು ನನ್ನ ಮುಂದೆ ಎತ್ತಬೇಡ.

ಒಬ್ಬನೇ ಒಬ್ಬ ತಕರಾರು ಮಾಡಿದ. ಅನಗವಾಡಿಯ ಜಕ್ಕಪ್ಪ ನಿನಗೆ ಗೊತ್ತಲ್ಲ, ಕುರಿಯವನು, ನಮ್ಮ ಕಡೆ ಕಂಬಳಿ ಮಾರಲು ಬಂದಾಗ ಭಜನೆಗೆ ಕೂರುತ್ತಾನೆ. ಅಣೆಕಟ್ಟಿನ ಹಿನ್ನೀರು ಬಂದು ಊರು ಎತ್ತಿದ ಮೇಲೆ ಅವರ ಮಂಡಳಿಗೆ ಪೇಟಿ ಇಲ್ಲ, ನಿನ್ನ ಬೋರ್ಡಿಗೆ ಮೊದಲು ಮಾತು ಕೊಟ್ಟವರೂ ಅವರೇ. ನಾನು ಮೇಲಿನ ಸುರಕ್ಕೆ ಹೋದ ಕೂಡಲೇ ಅವನು ಪಟಕದ ಚುಂಗನ್ನು ಕಿವಿಗೆ ಒತ್ತಿಕೊಂಡ.

'ಯಪ್ಪಾ ಕಾಕಾ, ಇದು ಪೇಟಿ ಅಲ್ರಿ. ಕಿವ್ಯಾಗ ದಬ್ಬಣ ಹೊಡದಂಗ ಆಗತೈತಿ.'

'ಕುರಿ ಹಿಂದ ತಿರುಗೋ ನಿನಗ ಪೇಟಿ ಏನ ತಿಳೀತೈತಿ ಲೇ? ಬ್ಯಾ ಅನ್ನೂದೊಂದ ರಾಗ ಗೊತ್ತ ನಿನಗ.'

'ಹೌದ್ರಿ. ಆ ಬ್ಯಾ ಅನ್ನೂದರಾಗ ನನ್ನ ಕುರಿ ಯಾವ್ದು, ಮಂದಿ ಕುರಿ ಯಾವ್ದು ಅಂತ ಗುಡ್ಡದ ಆಚಿಂದ ಹೇಳ್ತೀನಿ. ನೀವ ಹೇಳ್ರಿ ನೋಡೂಣು.'

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂದು ಹೊರಗೆ ಹೋಗೆಂದೆ. ಅವನು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ, ಅಲ್ಲಿಂದಲೇ ಹಾಡಿದ.

ಅವನ ಮಾತು ಬಿಡು. ನಾನು ಹೇಳುತ್ತೇನೆ, ಇದು ರಾಚಪ್ಪನ ಪೇಟಿ. ನಲವತ್ತೂ ಬರೆ.

ಪ್ರಭುಲಿಂಗ


ಮಿರಜ
೧೭ ಆಗಸ್ಟ್ ೨೦೦೪

ಕಾಕಾ ಅವರಿಗೆ,

ನಲವತ್ತೂ ಬರೆದಾಯಿತು. ನಿಮ್ಮ ಪತ್ರ ಬಂದ ದಿನವೇ ಕೂತು ಮುಗಿಸಿದೆ. ಪ್ರತಿ ಬೋರ್ಡಿನ ಅಂಚಿಗೆ ಅಪ್ಪನ ಹೆಸರಿನ ಮೊದಲ ಅಕ್ಷರ ಹಾಕಿದ್ದೇನೆ. ಅನಗವಾಡಿ, ರನ್ನ ಬೆಳಗಲಿ, ಬೀಳಗಿ ಕಡೆಯವು ಹೊರಟವು. ಬನಹಟ್ಟಿ, ರಬಕವಿಯವು ನಾಳೆ. ಅವ್ವನಿಗೆ ನಿಮ್ಮ ಪತ್ರ ಓದಿ ಹೇಳಿದೆ. ಕೈಯಲ್ಲಿನ ಕೆಲಸ ಬಿಡಲಿಲ್ಲ. ಆದರೆ ಪೂರ್ತಿ ಕೇಳಿದಳು.

ವಿಠೋಬಾ


ರಬಕವಿ
೪ ಅಕ್ಟೋಬರ್ ೨೦೦೪

ವಿಠೋಬಾ,

ಶ್ರಾವಣ ಹೋಯಿತು, ಭಾದ್ರಪದವೂ ಮುಗಿಯಲು ಬಂತು. ನಿನ್ನದು ಒಂದು ಕಾಗದವಿಲ್ಲ. ನಾಲ್ಕು ದಿನಕ್ಕೊಮ್ಮೆ ಬರೆಯಿರಿ ಬರೆಯಿರಿ ಎಂದು ನನ್ನ ಪ್ರಾಣ ತಿಂದವನು ನೀನೇ.

ಇಲ್ಲಿ ನಾನು ಕೇಳಿದ್ದನ್ನು ಹೇಳುತ್ತೇನೆ. ಅನಗವಾಡಿಯವರು ಬೋರ್ಡು ತಿರುಗಿ ಕಳಿಸಿದರಂತೆ. ರನ್ನ ಬೆಳಗಲಿಯವರು ಎರಡು ಸೋಮವಾರ ಬಾರಿಸಿ, ಹೆಂಗಸರು ಬರುವುದನ್ನೇ ಬಿಟ್ಟರೆಂದು ಕಟ್ಟಿಟ್ಟರಂತೆ. ಅಲ್ಲಿಯ ಇಂದ್ರವ್ವ ಸಂತೆಯಲ್ಲಿ ಸಿಕ್ಕು 'ಅಣ್ಣಾರ, ನಿಮ್ಮ ಪೇಟಿ ಕೇಳಿದ್ರ ಹಲ್ಲ ಜುಮ್ ಅಂತಾವ್ರಿ' ಎಂದಳು. ನಾನು ಬೈದು ಕಳಿಸಿದೆ. ಎಲ್ಲ ಹೊಲದಲ್ಲಿ ದುಡಿಯುವ ಮಂದಿ, ಅವರಿಗೆ ಅಂಚುಳ್ಳ ದನಿಯ ರೂಢಿ ಇಲ್ಲ. ನಮ್ಮ ರಬಕವಿ ಬನಹಟ್ಟಿಯ ಆರು ಮಂಡಳಿಗಳಲ್ಲಿ ಒಬ್ಬನೂ ಒಂದು ಮಾತು ಅಂದಿಲ್ಲ. ಬಸಗೊಂಡಪ್ಪ ದಿನಾ ಬಂದು ಕೇಳುತ್ತಾನೆ.

ಅಂಥವರ ಮಾತಿಗೆ ನೀನು ಎದೆಗುಂದಬೇಡ. ಅಂಗಡಿಯ ಕೆಲಸ ಇದ್ದೇ ಇದೆ. ಬರೆ.

ಪ್ರಭುಲಿಂಗ


ಮಿರಜ
೨೦ ಅಕ್ಟೋಬರ್ ೨೦೦೪

ಪ್ರಭುಲಿಂಗ ಅವರಿಗೆ,

ಮೂವತ್ತನಾಲ್ಕು ಬೋರ್ಡು ತಿರುಗಿ ಬಂದಿವೆ. ನಿಮ್ಮ ಎರಡು ಊರಿನವು ಬಿಟ್ಟು ಎಲ್ಲವೂ. ಮನೆಯ ಮಂಚದ ಕೆಳಗೆ ಇಟ್ಟಿದ್ದೇನೆ. ಬರೆದದ್ದನ್ನು ಅಳಿಸಲು ಬರುವುದಿಲ್ಲ. ಹೊಸ ಚಿಪ್ ಕೊಳ್ಳುವ ಶಕ್ತಿ ಇಲ್ಲ. ಅಂಗಡಿಯ ಕೆಲಸ ಇದ್ದೇ ಇದೆ ಎಂದು ಬರೆದಿದ್ದೀರಿ. ಅದನ್ನು ನಾನು ಜೂನ್‌ನಲ್ಲೇ ಬಿಟ್ಟಿದ್ದೆ. ನಿಮಗೆ ಹೇಳಿದರೆ ಬೈಯುತ್ತೀರಿ ಎಂದು ಹೇಳಿರಲಿಲ್ಲ. ಮೊನ್ನೆ ತಿರುಗಿ ಕೇಳಲು ಹೋದೆ. ಅಲ್ಲಿ ಬೇರೆಯವನು ಕೂತಿದ್ದಾನೆ. ಮಾಲೀಕರು ನನ್ನ ಬೋರ್ಡು ಹಚ್ಚಿ ಕೇಳಿ, 'ಇಷ್ಟ ದಿನ ನನ್ನ ಗಿರಾಕಿಗಳ ಪೇಟಿ ಹಿಂಗ ತಿದ್ದತಿದ್ದೇನೋ?' ಎಂದರು.

ನಿಮ್ಮನ್ನು ಒಂದು ಕೇಳಬೇಕು, ಸಿಟ್ಟು ಮಾಡಿಕೊಂಡರೂ ಅಡ್ಡಿಯಿಲ್ಲ. ಜಕ್ಕಪ್ಪ ಆ ದಿನವೇ ಹೇಳಿದ್ದ. ನೀವು ಅವನನ್ನು ಹೊರಗೆ ಕಳಿಸಿದಿರಿ. ಅಪ್ಪನ ಪೇಟಿ ಕಳೆದ ಪಾಪ ಹೇಗಾದರೂ ತೀರಲಿ ಎಂದು, ಸರಿ ಇಲ್ಲದ್ದನ್ನೂ ಸರಿ ಅಂದಿರೇ? ಅವ್ವ ಹಾಗೆ ಅನ್ನುತ್ತಾಳೆ. 'ಆವತ್ತ ಪೇಟಿ ತಿಂದ, ಈಗ ನಿನ್ನ ಅನ್ನ ತಿಂದ' ಎಂದಳು. ನಾನು ಇಲ್ಲ ಅನ್ನಲಿಲ್ಲ.

ವಿಠೋಬಾ


ರಬಕವಿ
೨೯ ನವೆಂಬರ್ ೨೦೦೪

ವಿಠೋಬಾ,

ನಿನ್ನ ಪತ್ರ ಬಂದು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಬೈಗುಳವೇ ಇತ್ತು. ಇದರಲ್ಲಿ ಇಲ್ಲ, ಪೂರ್ತಿ ಓದು.

ಹೋದ ವಾರ ಜಮಖಂಡಿಯಲ್ಲಿ ಕಿವಿ ತಪಾಸಣೆ ಇತ್ತು. ನೇಕಾರರಿಗೆ ಪುಕ್ಕಟೆ ಎಂದು ದುಂಡೇಶ ಟೆಂಪೋ ಮಾಡಿ ಎಲ್ಲರನ್ನೂ ತುಂಬಿಕೊಂಡು ಹೋದ. ನನಗೇನೂ ಆಗಿಲ್ಲ ಎಂದರೂ ಶೇವಂತಿ ಕೇಳಲಿಲ್ಲ. ಸಣ್ಣ ಗೂಡಿನಲ್ಲಿ ಕೂಡಿಸಿ ಎರಡೂ ಕಿವಿಗೆ ಬಟ್ಟಲು ಹಾಕಿದರು. ಕೈಯಲ್ಲಿ ಒಂದು ಗುಂಡಿ. ಗಾಜಿನ ಆಚೆಗೆ ನಮ್ಮ ಮೊಮ್ಮಗಳ ವಯಸ್ಸಿನ ಹುಡುಗಿ.

'ಅಜ್ಜಾರ, ಸಪ್ಪಳ ಕೇಳಿದ ಕೂಡ್ಲೆ ಒತ್ರಿ' ಎಂದಳು.

ಮೊದಲಿನವು ಕೇಳಿದವು, ಒತ್ತಿದೆ. ಆಮೇಲೆ ಅವಳು ಸುಮ್ಮನೆ ಕೂತಳು. ನಾನೂ ಕೂತೆ. ಬಹಳ ಹೊತ್ತಾಯಿತು.

'ಹೂಂ, ಹಚ್ಚಬೇ ಯವ್ವಾ' ಎಂದೆ.

'ಹಚ್ಚೇನ್ರಿ ಅಜ್ಜಾರ. ಆಗಿಂದ ಬಾರಸಾಕತ್ತೈತಿ.'

ಹೊರಗೆ ಬಂದ ಮೇಲೆ ಕಾಗದ ತೋರಿಸಿದಳು. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. 'ಮಗ್ಗದಾಗ ಎಷ್ಟ ವರ್ಷ ದುಡದ್ರಿ?' ಎಂದು ಕೇಳಿದಳು. ನಾನು ಮಗ್ಗದವನೆಂದು ನಿನಗೆ ಯಾರು ಹೇಳಿದರು ಎಂದೆ. 'ಈ ಗೆರಿ ಹೇಳತೈತ್ರಿ. ಮುಂಜಾನಿಂದ ನಿಮ್ಮೂರವ್ರು ಒಂಬತ್ತ ಮಂದಿ ಬಂದಾರ. ಒಂಬತ್ತೂ ಗೆರಿ ಹಿಂಗ.' ಮಗ್ಗದ ಸಪ್ಪಳಕ್ಕೆ ಕಿವಿಗೆ ಮೇಲಿನ ದನಿ ಹೋಗುವುದು ಹೀಗೆಯೇ ಅಂತೆ, ಯಾವತ್ತು ಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲವಂತೆ. ಜಗತ್ತೇ ಮೆತ್ತಗಾಯಿತು ಅಂದುಕೊಳ್ಳುತ್ತಾರಂತೆ. ಬಸಗೊಂಡಪ್ಪನದೂ ಹಾಗೆಯೇ ಬಂತು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಶೇವಂತಿಯದೂ ಹಾಗೆಯೇ. ಔಷಧ ಇದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಹುಡುಗಿ ಒಳ್ಳೆಯವಳು, ಇಲ್ಲ ಅನ್ನುವುದನ್ನು ಸುತ್ತಿ ಬಳಸಿ ಹೇಳಲಿಲ್ಲ.

ಹಾಗಾದರೆ ನೀನು ಮೊದಲು ಕಳಿಸಿದ್ದೇ ಸರಿ ಇದ್ದಿರಬೇಕು. ಕಂಬಳಿ ಇದ್ದದ್ದು ಪೇಟಿಯ ಮೇಲಲ್ಲ.

ನಾನು ಸುಳ್ಳು ಹೇಳಲಿಲ್ಲ. ಪಾಪ ತೀರಿಸಿಕೊಳ್ಳಲೂ ಹೇಳಲಿಲ್ಲ. ನನಗೆ ಕೇಳಿಸಿದ್ದನ್ನು ಹೇಳಿದೆ. ನಿನಗೂ ಅದೇ ಕೇಳಿಸಿತ್ತು. ಆಗಸ್ಟ್ ಎರಡರ ನಿನ್ನ ಪತ್ರ ನನ್ನ ಹತ್ತಿರ ಇದೆ, ಅದು ಬಂತು ಎಂದು ನೀನೇ ಬರೆದಿದ್ದೀ. ನೀನು ಹನ್ನೆರಡನೇ ವಯಸ್ಸಿಗೆ ಮಗ್ಗದ ಶೆಡ್ಡಿಗೆ ಹೊಕ್ಕವನು. ಹದಿನಾಲ್ಕು ವರ್ಷ ದಿನಕ್ಕೆ ಹನ್ನೆರಡು ತಾಸು ಅಲ್ಲಿದ್ದೆ. ನಿನ್ನನ್ನು ಕರೆದುಕೊಂಡು ಹೋಗಿ ಹಚ್ಚಿದವನೂ ನಾನೇ. ಆ ದಿನ ಪೂರ್ಣಿಮಾ ಕೂಸನ್ನು ಎತ್ತಿಕೊಂಡು ಯಾಕೆ ನೆರೆಮನೆಗೆ ಹೋದಳು ಎಂದು ಅವಳನ್ನೇ ಕೇಳು. ನೆಟ್ಟಗೆ ಕೇಳು.

ನಿನ್ನೆ ಅನಗವಾಡಿಗೆ ಹೋಗಿ ಜಕ್ಕಪ್ಪನಿಗೆ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. 'ಹೊಸಾ ಚಿಪ್ ಹಾಕಸ್ರಿ ಕಾಕಾ, ನಾ ಕೇಳಿ ಹೇಳ್ತೀನಿ' ಎಂದ. ಅವನ ಕಿವಿ ಚೊಕ್ಕ ಇದೆ. ಆದರೆ ಅವನು ಏನನ್ನು ಕೇಳಿ ಹೇಳುತ್ತಾನೆ? ರಾಚಪ್ಪನ ಪೇಟಿಯನ್ನು ಅವನು ಒಂದು ದಿನವೂ ಕೇಳಿದವನಲ್ಲ. ಕೇಳಿದವರನ್ನು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಎಣಿಸಿದೆ. ನಾನು, ಬಸಗೊಂಡಪ್ಪ, ಶೇವಂತಿ, ನೀನು, ಆಮೇಲೆ ಹತ್ತು ವರ್ಷ ಶೆಡ್ಡಿನಲ್ಲಿದ್ದ ನಿಮ್ಮವ್ವ. ಉಳಿದವರು ಮಣ್ಣಿನಲ್ಲಿದ್ದಾರೆ. ಆ ದನಿ ಗೊತ್ತಿದ್ದವರಿಗೆ ಕಿವಿ ಇಲ್ಲ, ಕಿವಿ ಇದ್ದವರಿಗೆ ಆ ದನಿ ಗೊತ್ತಿಲ್ಲ. ಎಷ್ಟು ಚಿಪ್ ಬರೆದರೂ ಅಷ್ಟೇ. ನಾಟಕದವರು ಒಯ್ದದ್ದು ಕಟ್ಟಿಗೆ ಮತ್ತು ಹಿತ್ತಾಳೆ. ಉಳಿದದ್ದನ್ನು ನಾವೇ ಮಗ್ಗಕ್ಕೆ ಕೊಟ್ಟೆವು.

ಮಠದಲ್ಲಿ ಇನ್ನು ಬಾರಿಸುವುದಿಲ್ಲ ಎಂದು ಹೇಳಿದ್ದೇನೆ. ಬಸಗೊಂಡಪ್ಪ ಒಪ್ಪಲಿಲ್ಲ, ಮೂಕ ಪೇಟಿಯನ್ನು ಬೋರ್ಡಿನ ಸಮೇತ ತನ್ನ ಮನೆಗೆ ಒಯ್ದ. ಬಾಗಿಲು ಹಾಕಿಕೊಂಡು ಬಾರಿಸುತ್ತಾನಂತೆ.

ಈಗ ಕೆಲಸದ ಮಾತು. ಮಿರಜದಲ್ಲಿ ದೊಡ್ಡ ದವಾಖಾನೆಗಳಿವೆ. ಹೋಗಿ ಕಿವಿ ತೋರಿಸು. ಪೂರ್ಣಿಮಾಳನ್ನು ಜೊತೆಗೆ ಕರೆದುಕೊಂಡು ಹೋಗು, ಗೆರೆಯನ್ನು ಅವಳೂ ನೋಡಲಿ. ನೆಟ್ಟಗೆ ಬಂದರೆ ನಿಮ್ಮವ್ವ ಅಂದದ್ದು ಖರೆ ಎಂದು ನಾನು ಒಪ್ಪುತ್ತೇನೆ, ಅವಳ ಮುಂದೆ ಬಂದು ನಿಲ್ಲುತ್ತೇನೆ. ಇಳಿದು ಬಂದರೆ ಪೇಟಿ ತಿದ್ದುವ ಕೆಲಸಕ್ಕೆ ಇನ್ನು ಯಾರ ಬಾಗಿಲಿಗೂ ಹೋಗಬೇಡ, ಬೇರೆ ಏನಾದರೂ ನೋಡಿಕೋ. ನಿನಗೆ ಮೂವತ್ತೆಂಟು, ಇದಕ್ಕಿಂತ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ.

ಗೆರೆ ಹೇಗೆ ಬಂತು ಎಂಬುದನ್ನಷ್ಟೇ ಬರೆ. ಡಿಸೆಂಬರ್ ಹದಿನೈದರೊಳಗೆ ಉತ್ತರ ನನ್ನ ಕೈ ಸೇರಬೇಕು.

ಪ್ರಭುಲಿಂಗ